ಹನ್ನೆರಡನೆಯ ಫೋಟೋ

"ಬತ್ತಿ ಬಂದ್ ಕರೋ."

ಕತ್ತಲೊಳಗಿಂದ ಬಂದ ಹೆಣ್ಣುದನಿಗೆ ಪಾಂಡುರಂಗ ಬೆಚ್ಚಿಬಿದ್ದ. ಸ್ವಿಚ್ ಒತ್ತಿದ ಕೈ ಇನ್ನೂ ಗೋಡೆಯ ಮೇಲೇ ಇತ್ತು. ಬಲ್ಬು ಹೊತ್ತಿಕೊಂಡು ತಾರಸಿಯ ಸುಣ್ಣದ ಕಟ್ಟೆಯನ್ನೆಲ್ಲ ಬೆಳಗಿಸಿಬಿಟ್ಟಿತ್ತು. ಕಟ್ಟೆಯ ಮೇಲೆ ಒಂದು ಸಣ್ಣ ಉದ್ದಿನಬೇಳೆ ಚೀಲ, ಚೀಲದ ಮೇಲೆ ಒಂದು ಪುಟ್ಟ ಕ್ಯಾಮರಾ, ಅದರ ಹಿಂದೆ ಮಂಡಿಯೂರಿ ಕುಳಿತ ಹುಡುಗಿ.

"ಆರಿಸಿ ಅಂದೆ. ಹಿಂದಿ ಬರುದಿಲ್ಲ, ಕನ್ನಡವೂ ಬರುದಿಲ್ವಾ?"

ಅವನು ಆರಿಸಿದ. ಆದರೆ ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

"ಇಪ್ಪತ್ತೆರಡರವರೆಗೆ ಎಣಿಸಿದ್ದೆ. ಇನ್ನು ಎಂಟು ಎಣಿಸಿದ್ರೆ ಮುಗೀತಿತ್ತು. ಹೊಸಾ ರೀಲು, ಮೊದಲನೇ ಚಿತ್ರ... ಹೋಯ್ತು."

"ಹೋದ್ರ ಹೋಗ್ಲಿ ಬಿಡ್ರಿ. ಅದು ಹಂಗೂ ಬರ್ತಿರಲಿಲ್ಲ."

ಗಿರಿಜಾ ಎದ್ದು ನಿಂತಳು. ಇಪ್ಪತ್ತೊಂದು ವರ್ಷದ ಬದುಕಿನಲ್ಲಿ ಇಷ್ಟು ಸಲೀಸಾಗಿ ಅವಳನ್ನು ಯಾರೂ ಕಡೆಗಣಿಸಿರಲಿಲ್ಲ.

"ಯಾಕೆ ಬರ್ತಿರಲಿಲ್ಲ?"

"ಆಕಾಶ ನೋಡ್ರಿ, ಪೂರ್ತಿ ಕಪ್ಪಾಗ್ಯದ. ಮಿಲ್ಲಿನ ಚಿಮಣಿನೂ ಕಪ್ಪು, ಮಸೀದಿ ಗುಮ್ಮಟನೂ ಕಪ್ಪು. ಯಾವುದು ಎಲ್ಲೆ ಮುಗೀತು ಅಂತ ಹೆಂಗ ಗೊತ್ತಾಗಬೇಕು? ಬರೇ ಬಿಳಿ ಚುಕ್ಕಿ ಬರ್ತಾವ. ಹೊತ್ತು ಮುಳುಗಿ ಇಪ್ಪತ್ತು ನಿಮಿಷಕ್ಕ ಬರ್ರಿ. ಊರಾಗ ದೀಪ ಹಚ್ಚಿರ್ತಾರ, ಆಕಾಶದಾಗ ಇನ್ನೂ ಚೂರು ಬೆಳಕು ಉಳಿದಿರ್ತದ. ರಾತ್ರಿ ಚಿತ್ರ ತಗಿಯೋ ಹೊತ್ತು ಅದು. ರಾತ್ರಿ ಅಲ್ಲ."

ಗಿರಿಜಾಳಿಗೆ ಮೈಯೆಲ್ಲ ಉರಿಯಿತು. ಯಾಕೆಂದರೆ ಹಿಂದಿನ ಎರಡು ರೀಲುಗಳಲ್ಲೂ ಬಂದಿದ್ದು ಬರೀ ಬಿಳಿ ಚುಕ್ಕಿಗಳೇ.

ಇವನಿಗೆ ಹೇಗೆ ಗೊತ್ತಾಯಿತು...?

ಇವಳು ಗಣಪತಿ ಭಟ್ಟರ ಒಬ್ಬಳೇ ಮಗಳು. ಅಹಮದಾಬಾದಿನ ಖಾನ್‌ಪುರದಲ್ಲಿ, ಸಾಬರಮತಿಯ ದಂಡೆಗೆ ಹತ್ತಿರ, ಭಟ್ಟರ ಉಡುಪಿ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ, ಅದರ ಮೇಲೆ ತಾರಸಿ, ತಾರಸಿಗೆ ಅಂಟಿಕೊಂಡು ಒಂದು ಕೋಣೆ. ಆ ಕೋಣೆಗೆ ಅಂದು ಬೆಳಿಗ್ಗೆಯಷ್ಟೇ ಬಾಡಿಗೆಗೆ ಬಂದವನು ಧಾರವಾಡದ ಪಾಂಡುರಂಗ ಕಟ್ಟಿ. ಅಹಮದಾಬಾದಿನ ಒಂದು ಸಂಶೋಧನಾಲಯದಲ್ಲಿ ಸಹಾಯಕ. ರಾತ್ರಿಯ ಆಕಾಶಕ್ಕೆ ತನ್ನದೇ ಆದ ಮಂದ ಬೆಳಕೊಂದಿದೆಯಂತೆ, ಅದರ ಚಿತ್ರ ತೆಗೆಯುವುದೇ ಅವನ ಕೆಲಸ. ಇಂಥವನ ಮುಂದೆ ಗಿರಿಜಾ ಕತ್ತಲೆಯ ಫೋಟೋ ತೆಗೆಯಲು ಕುಳಿತಿದ್ದಳು ನೋಡಿ!

ಅದು ೧೯೬೩ರ ಚಳಿಗಾಲದ ಆರಂಭ. ಕ್ಯಾಮರಾದ ರೀಲು ಸಿಗುವುದೇ ಕಷ್ಟವಾಗಿದ್ದ ಕಾಲ. ಗಿರಿಜಾ ಕೆಲಸ ಮಾಡುತ್ತಿದ್ದುದು ರಜನಿಭಾಯಿಯ ಫೋಟೋ ಸ್ಟುಡಿಯೋದಲ್ಲಿ. ಕಿಟಕಿಯ ಪಕ್ಕ ಕುಳಿತು, ಚೂಪು ಪೆನ್ಸಿಲಿನಿಂದ ನೆಗೆಟಿವ್‌ಗಳ ಮೇಲೆ ಊರವರ ಮೊಡವೆ, ಸುಕ್ಕು, ಕಣ್ಣ ಕೆಳಗಿನ ಕಪ್ಪು ಅಳಿಸುವುದು. ರಜನಿಭಾಯಿ ತಿಂಗಳಿಗೊಂದು ರೀಲು ಅವಳಿಗೆಂದು ತೆಗೆದಿಡುತ್ತಿದ್ದ. ಒಂದು ರೀಲಿಗೆ ಹನ್ನೆರಡು ಚಿತ್ರ. ದೀಪ ಹೊತ್ತಿದ ಊರನ್ನು ಒಂದೇ ಒಂದು ಸಲ ಚೆನ್ನಾಗಿ ಹಿಡಿಯಬೇಕೆಂಬುದು ಅವಳ ಹುಚ್ಚು.

ಮರುದಿನ ಹೊತ್ತು ಮುಳುಗಿ ಇಪ್ಪತ್ತು ನಿಮಿಷಕ್ಕೆ ಸರಿಯಾಗಿ ಅವಳು ತಾರಸಿಯಲ್ಲಿದ್ದಳು. ಅವನೂ ಇದ್ದ.

ಭಟ್ಟರ ಹೆಂಡತಿ ಕಾಮಾಕ್ಷಮ್ಮನೂ ಇದ್ದರು ಅನ್ನಿ. ಮೆಟ್ಟಿಲ ಕೊನೆಯಲ್ಲಿ ಮಣೆ ಹಾಕಿಕೊಂಡು, ಮಡಿಲಲ್ಲಿ ಬಟಾಣಿಕಾಯಿ ಸುರಿದುಕೊಂಡು. ಬಟಾಣಿ ಬಿಡಿಸಲು ಬೆಳಕು ಸಾಲದಿದ್ದರೂ ಮಗಳ ಮೇಲೆ ಕಣ್ಣಿಡಲು ಸಾಕಾಗುತ್ತಿತ್ತು.

"ಬೆರಳಿಂದ ಒತ್ತಬ್ಯಾಡ್ರಿ. ಎಷ್ಟ ಗಟ್ಟಿ ಹಿಡಿದ್ರೂ ಕೈ ನಡಗ್ತದ," ಎಂದ ಪಾಂಡುರಂಗ. ಸೈಕಲ್ ಬ್ರೇಕಿನ ತಂತಿಯಂಥ ಒಂದು ಸಣ್ಣ ತಂತಿ ತಂದಿದ್ದ. ಒಂದು ತುದಿಯನ್ನು ಕ್ಯಾಮರಾದ ಗುಂಡಿಗೆ ತಿರುಪಿ, ಇನ್ನೊಂದನ್ನು ಅವಳ ಕೈಗೆ ಕೊಟ್ಟ. "ಇದನ್ನ ಒತ್ತಿ ಹಿಡಿದಷ್ಟು ಹೊತ್ತು ಕ್ಯಾಮರಾ ಕಣ್ಣು ತಗದಿರ್ತದ. ನೀವು ಅದನ್ನ ಮುಟ್ಟೋದ ಬ್ಯಾಡ. ಚೀಲ ಚಲೋ ಇಟ್ಟೀರಿ. ಬೇಳೆ ಒಳಗ ಕ್ಯಾಮರಾ ಕೂಸಿನಂಗ ಕೂಡ್ತದ."

ಹೊಗಳಿದನೋ? ಗಿರಿಜಾ ಓರೆಗಣ್ಣಲ್ಲಿ ನೋಡಿದಳು. ಅವನು ನದಿಯ ಕಡೆ ನೋಡುತ್ತಿದ್ದ.

ನದಿಯೆಂದರೆ ಆಗ ಬಹುಪಾಲು ಮರಳು. ನಡುವೆ ತೆಳುವಾದ ನೀರಿನ ಗೆರೆ. ಎಲ್ಲಿಸ್ ಸೇತುವೆಯ ದೀಪಗಳು ಆ ಗೆರೆಯಲ್ಲಷ್ಟೇ ಬಿದ್ದು ಅಲುಗುತ್ತಿದ್ದವು. "ಆ ನೀರು ಚಿತ್ರದಾಗ ಬರಬೇಕ್ರಿ. ಒಂದು ದೀಪ ಎರಡಾಗ್ತದ," ಎಂದ. ಹತ್ತಿರದ ಬೀದಿದೀಪವನ್ನು ಚೌಕಟ್ಟಿನಿಂದ ಹೊರಗಿಡಲು ಹೇಳಿದ. ಒಂದೇ ನೋಟವನ್ನು ಒಂದು ಸಂಜೆ ಹತ್ತು ಎಣಿಸಿ, ಇನ್ನೊಂದು ಸಂಜೆ ಇಪ್ಪತ್ತು ಎಣಿಸಿ ತೆಗೆಸಿದ. ಯಾವುದಕ್ಕೆ ಎಷ್ಟು ಎಂದು ಅವಳಿಂದಲೇ ಪುಸ್ತಕದಲ್ಲಿ ಬರೆಸಿದ.

ಆರನೆಯ ಚಿತ್ರದ ಸಂಜೆ ಸೇತುವೆಯ ಮೇಲೆ ಒಂದು ಲಾರಿ ಬಂತು. ಅದರ ದೀಪ ನೇರ ಇವರ ಕಡೆಗೇ. ಗಿರಿಜಾ ಎಣಿಕೆ ತಪ್ಪಿಸಿ ತಂತಿ ಬಿಡುವುದರಲ್ಲಿದ್ದಳು.

"ಬಿಡಬ್ಯಾಡ್ರಿ," ಎಂದು ಅವನು ಪಿಸುಗುಟ್ಟಿ, ಜೇಬಿನಿಂದ ಕಪ್ಪು ರಟ್ಟಿನ ತುಂಡು ತೆಗೆದು ಕ್ಯಾಮರಾದ ಕಣ್ಣಿಗೆ ಅಡ್ಡ ಹಿಡಿದ. ಲಾರಿ ದಾಟುವವರೆಗೂ ಹಾಗೇ ಹಿಡಿದಿದ್ದ. ಅವನ ಮೊಣಕೈ ಅವಳ ಕೆನ್ನೆಯಿಂದ ನಾಲ್ಕು ಬೆರಳು ದೂರದಲ್ಲಿತ್ತು. ಅವಳು ಉಸಿರು ಬಿಟ್ಟಿರಲಿಲ್ಲ.

"ಇನ್ನೂ ಎಷ್ಟು ಹೊತ್ತು?" ಎಂದು ಮೆಟ್ಟಿಲಿನಿಂದ ಕಾಮಾಕ್ಷಮ್ಮ ಕೇಳಿದರು.

"ಆಯ್ತಮ್ಮ," ಎಂದಳು ಗಿರಿಜಾ. ಆಗಲೇಬಾರದೆಂದು ಅವಳ ಮನಸ್ಸು ಹೇಳುತ್ತಿತ್ತು.

ಆ ರಾತ್ರಿ ಅವಳಿಗೆ ತಿಳಿಯಿತು, ತನಗೆ ಈಗ ಬೇಕಾದದ್ದು ಬರೀ ಊರಿನ ಚಿತ್ರವಲ್ಲ ಎಂದು. ಅವನಿಗೂ ಹಾಗೇ ಅನ್ನಿಸುತ್ತದೋ ಇಲ್ಲವೋ ಅದು ಮಾತ್ರ ತಿಳಿಯಲಿಲ್ಲ. ಅವನ ಬಾಯಲ್ಲಿ ಬರುವುದೆಲ್ಲ ಬೆಳಕು, ಹೊಗೆ, ನಿಮಿಷ... ಇಂಥವನಿಂದ ಏನನ್ನು ತಿಳಿಯುವುದು?

ಹನ್ನೊಂದು ಚಿತ್ರ ಮುಗಿಯುವ ಹೊತ್ತಿಗೆ ಸೂರತ್ತಿನಿಂದ ಕಾಗದ ಬಂತು.

ಸೂರತ್ತಿನಲ್ಲಿ ಹೋಟೆಲು ಇಟ್ಟಿದ್ದ ಊರ ಕಡೆಯವರು. ಹುಡುಗ ಬ್ಯಾಂಕಿನಲ್ಲಿದ್ದಾನೆ. ಜಾತಕ ಕೂಡಿದೆ. ಮುಂದಿನ ವಾರ ಮನೆಮಂದಿಯೆಲ್ಲ ಊರಿಗೆ ಹೊರಡುತ್ತಾರೆ, ಅಷ್ಟರಲ್ಲಿ ಹುಡುಗಿಯ ಫೋಟೋ ಕಳಿಸಬೇಕು. ಕೊನೆಯಲ್ಲಿ ಹುಡುಗನ ತಾಯಿ ಒಂದು ಸಾಲು ಸೇರಿಸಿದ್ದರು. ಹುಡುಗಿ ಸ್ಟುಡಿಯೋದಲ್ಲಿ ಮುಖ ತಿದ್ದುವ ಕೆಲಸದಲ್ಲಿದ್ದಾಳೆಂದು ಕೇಳಿದ್ದೇವೆ. ಆದ್ದರಿಂದ ಸ್ಟುಡಿಯೋದ ಫೋಟೋ ಬೇಡ. ಮನೆಯಲ್ಲೇ, ಹಗಲು ಬೆಳಕಿನಲ್ಲಿ ತೆಗೆದದ್ದು ಬೇಕು.

"ರೀಲಲ್ಲಿ ಎಷ್ಟು ಉಂಟು?" ಎಂದು ಭಟ್ಟರು ಮಗಳನ್ನು ಕೇಳಿದರು.

"ಒಂದು."

"ಹೊಸ ರೀಲು?"

"ಬರುವ ತಿಂಗಳೇ ಅಂತೆ."

"ಹಾಗಾದ್ರೆ ಆ ಒಂದನ್ನು ಮುಟ್ಬೇಡ. ನನ್ನ ಮೇಲೆ ಆಣೆ ಉಂಟು. ನಾಳೆ ಬೆಳಿಗ್ಗೆ ತೆಗೆಸುವ."

ತೆಗೆಯುವವರು ಯಾರು? ಭಟ್ಟರಿಗೆ ಹುಡುಕುವ ಕಷ್ಟವಿರಲಿಲ್ಲ. ಮಧ್ಯಾಹ್ನ ಊಟಕ್ಕೆ ಕುಳಿತ ಪಾಂಡುರಂಗನ ಎಲೆಯ ಮುಂದೆ ನಿಂತು, "ಕಟ್ಟಿಯವ್ರೆ, ನಮ್ಮ ಹುಡುಗಿದೊಂದು ಫೋಟೋ ತೆಗೆದುಕೊಡಿ ಮಾರಾಯ್ರೆ. ಸೂರತ್ತಿಗೆ ಕಳಿಸ್ಲಿಕ್ಕೆ," ಎಂದರು.

ಒಳಗೆ ಮಜ್ಜಿಗೆ ಬಡಿಸಲು ನಿಂತಿದ್ದ ಗಿರಿಜಾಳ ಕೈ ನಿಂತಿತು. ಈಗ ಏನಾದರೂ ಹೇಳುತ್ತಾನೆ... ಒಂದು ನೆಪವಾದರೂ ಹೇಳುತ್ತಾನೆ...

"ಆಗಲ್ರಿ. ತಗೀತೇನಿ," ಎಂದ ಪಾಂಡುರಂಗ.

ಅಷ್ಟೇ. ಅವನು ತಲೆ ಎತ್ತದೆ ಅನ್ನ ಕಲಸುತ್ತಿದ್ದ. ಆ ಅನ್ನ ಕೊನೆಯವರೆಗೂ ಎಲೆಯಲ್ಲೇ ಉಳಿಯಿತು. ಗಿರಿಜಾ ಅದನ್ನು ನೋಡಲು ಅಲ್ಲಿ ನಿಂತಿರಲಿಲ್ಲ.

ಅಂದು ಸಂಜೆ ಉತ್ತರದಿಂದ ಗಾಳಿ ಬೀಸಿತು. ಎಷ್ಟೋ ದಿನದಿಂದ ಊರ ಮೇಲೆ ಕಂಬಳಿಯ ಹಾಗೆ ಕೂತಿದ್ದ ಮಿಲ್ಲಿನ ಹೊಗೆ ಸರಿದುಹೋಯಿತು. ಗಿರಿಜಾ ತಾರಸಿಗೆ ಬಂದಾಗ ಪಾಂಡುರಂಗನ ಕೋಣೆಗೆ ಬೀಗ ಬಿದ್ದಿತ್ತು. ಕಾಮಾಕ್ಷಮ್ಮ ಪಕ್ಕದ ಮನೆಯ ಸೀಮಂತಕ್ಕೆ ಹೋಗಿದ್ದರು. ಮರಳಿನ ಆಚೆ ಸೇತುವೆಯ ದೀಪಗಳು ಒಂದೊಂದಾಗಿ ಹೊತ್ತಿಕೊಂಡವು. ಆಕಾಶ ಬಾಡದ ನೀಲಿ. ಚಿಮಣಿಗಳು ಗೆರೆ ಎಳೆದಷ್ಟು ಸ್ಪಷ್ಟ.

ಇಂಥ ಸಂಜೆ ಇನ್ನು ಬರಲಿಕ್ಕಿಲ್ಲ.

ನನ್ನ ರೀಲಿನ ಕೊನೆಯದು ಯಾರದೋ ಮನೆಗೆ ಯಾಕೆ ಹೋಗಬೇಕು?

ಅವಳು ಚೀಲ ಇಟ್ಟಳು, ತಂತಿ ತಿರುಪಿದಳು, ಇಪ್ಪತ್ತರವರೆಗೆ ಎಣಿಸಿದಳು. ಕೈ ನಡುಗಲಿಲ್ಲ. ಮುಗಿದ ಮೇಲಷ್ಟೇ ನೆನಪಾಯಿತು, ಅಪ್ಪನ ಆಣೆ...

ಕ್ಯಾಮರಾದ ಬೆನ್ನಿಗೆ ಒಂದು ಪುಟ್ಟ ಕೆಂಪು ಕಿಟಕಿ. ಈಗ ತೆಗೆಯಬೇಕಾದ ಚಿತ್ರದ ಸಂಖ್ಯೆ ಅದರಲ್ಲಿ ಕಾಣುತ್ತದೆ. ತೆಗೆದ ಮೇಲೆ ರೀಲು ತಿರುಗಿಸಿದರೆ ಸಂಖ್ಯೆ ಹೋಗುತ್ತದೆ. ತಿರುಗಿಸಿದರೆ ಅಪ್ಪನಿಗೆ ಗೊತ್ತಾಗುತ್ತದೆ. ಅವಳು ತಿರುಗಿಸಲಿಲ್ಲ. ಕಿಟಕಿಯಲ್ಲಿ ಹನ್ನೆರಡು ಹಾಗೇ ನಿಂತಿತ್ತು.

ಬೆಳಿಗ್ಗೆ ಹೇಳೋಣ ಎಂದುಕೊಂಡಳು. ಅಮ್ಮನ ಹತ್ತಿರ ಮೊದಲು ಹೇಳೋಣ.

ಬೆಳಿಗ್ಗೆ ಅಮ್ಮ ಮೈಸೂರು ರೇಷ್ಮೆ ಸೀರೆ ಉಡಿಸಿ, ಮಲ್ಲಿಗೆ ಮುಡಿಸಿ, ಹಿತ್ತಿಲ ಹಳೆಯ ಕಪ್ಪು ಬಾಗಿಲ ಮುಂದೆ ನಿಲ್ಲಿಸಿದರು. ಪಾಂಡುರಂಗ ಕ್ಯಾಮರಾ ತೆಗೆದುಕೊಂಡು ಕೆಂಪು ಕಿಟಕಿ ನೋಡಿದ. ಹನ್ನೆರಡು. ಸರಿ ಎಂದು ತಲೆಯಾಡಿಸಿದ.

ಈಗ ಹೇಳಬೇಕು, ಈಗ...

"ಗದ್ದ ಚೂರು ಮ್ಯಾಲೆ ಮಾಡ್ರಿ," ಎಂದ ಅವನು. ದನಿ ಒಣಗಿದ ಕಟ್ಟಿಗೆಯ ಹಾಗಿತ್ತು. "ಹುಡುಗನ ಮನಿಯವರಿಗೆ ಕಣ್ಣು ಕಾಣಬೇಕಲ್ಲ."

ಗಿರಿಜಾ ಗದ್ದ ಎತ್ತಿದಳು. ಕಣ್ಣು ತುಂಬಿದ್ದು ಅವನಿಗೆ ಕಾಣಲೆಂದೇ ಎತ್ತಿದಳು. ಬಾಯಿ ಬಿಡಲಿಲ್ಲ.

ಗುಂಡಿ ಟಕ್ಕೆಂದಿತು.

ಮೂರನೆಯ ದಿನ ಬೆಳಿಗ್ಗೆ, ತಿಂಡಿಯ ಗದ್ದಲದ ನಡುವೆ, ರಜನಿಭಾಯಿ ತಾನೇ ಲಕೋಟೆ ಹಿಡಿದು ಬಂದ. ಹುಡುಗಿ ಕೈಗೆ ಕೊಡಬಾರದು, ಅವಳು ತಿದ್ದಿದಳೆಂಬ ಮಾತು ಬರಬಾರದು ಎಂದು ಭಟ್ಟರು ತಾಕೀತು ಮಾಡಿದ್ದರು.

ಭಟ್ಟರು ಗಲ್ಲಾದಲ್ಲೇ ಲಕೋಟೆ ಬಿಡಿಸಿದರು. ಅವರ ಮುಖ ಕಪ್ಪಿಟ್ಟಿತು.

ಫೋಟೋದಲ್ಲಿ ಗಿರಿಜಾ ಇದ್ದಳು, ಆದರೆ ಒಂದರ ಮೇಲೊಂದು ಎರಡು ಚಿತ್ರ ಬಿದ್ದಿದ್ದವು. ಅವಳ ಜಡೆಯೊಳಗೆ, ಸೀರೆಯ ಮೇಲೆ, ಹಿಂದಿನ ಕಪ್ಪು ಬಾಗಿಲ ತುಂಬ ಅಹಮದಾಬಾದಿನ ದೀಪಗಳು ಉರಿಯುತ್ತಿದ್ದವು. ಸೇತುವೆ ಅವಳ ಎದೆಯ ಮೇಲೆ ಅಡ್ಡ ಹಾದುಹೋಗಿತ್ತು.

"ಶಹರ ಬಹಳ ಚೆನ್ನಾಗಿ ಬಂದಿದೆ ಭಟ್‌ಜೀ," ಎಂದ ರಜನಿಭಾಯಿ ಹಿಂದಿಯಲ್ಲಿ, ಒಳ್ಳೆಯ ಮನಸ್ಸಿನಿಂದಲೇ. "ತಂಗಿಯ ಮುಖವೊಂದು ಅಡ್ಡ ಬಂತು."

ಮೂಲೆಯ ಮೇಜಿನಲ್ಲಿ ಯಾರೋ ಕಿಸಕ್ಕೆಂದರು. ಭಟ್ಟರು ಎದ್ದೇಬಿಟ್ಟರು. ಇಡ್ಲಿ ತಿನ್ನುತ್ತಿದ್ದ ಪಾಂಡುರಂಗನ ಮುಂದೆ ಫೋಟೋ ಬಿಸಾಡಿದರು.

"ಎಂತ ಇದು?"

ಪಾಂಡುರಂಗ ಕೈ ಒರೆಸಿಕೊಂಡು ಫೋಟೋ ಎತ್ತಿದ. ಹೊಗೆಯಿಲ್ಲದ ಆಕಾಶ. ನೀರಿನ ಗೆರೆಯಲ್ಲಿ ಅಲುಗದ ದೀಪ. ತಾನು ಪಕ್ಕದಲ್ಲಿದ್ದ ಯಾವ ಸಂಜೆಯೂ ಇದಲ್ಲ. ಅವನಿಗೆ ಅರ್ಥವಾಗಲು ಒಂದು ಗಳಿಗೆ ಸಾಕಾಯಿತು. ತಲೆ ಎತ್ತಿ ಅಡುಗೆಮನೆಯ ಬಾಗಿಲ ಕಡೆ ನೋಡಿದ. ಗಿರಿಜಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

ಅವನು ನೋಡುತ್ತಲೇ ಇದ್ದ. ಅವಳಿಗೆ ನಾಲಿಗೆ ಏಳಲಿಲ್ಲ.

"ನಂದ ತಪ್ಪು," ಎಂದ ಪಾಂಡುರಂಗ. "ಹಿಂದಿನ ಸಂಜೆ ನಾನ ಒಂದು ತಗದಿದ್ದೆ. ರೀಲು ತಿರುಗಿಸೋದು ಮರೆತೆ."

"ಮರೆತದ್ದಾ?" ಭಟ್ಟರ ದನಿ ಹೋಟೆಲಿಡೀ ಕೇಳಿಸಿತು. "ಆಕಾಶದ ಚಿತ್ರ ತೆಗೆಯುವವನಿಗೆ ಇದು ಮರೆಯುದಾ? ನನ್ನ ಕ್ಯಾಮರಾ, ನನ್ನ ಮಗಳು, ನನ್ನನ್ನು ಕೇಳದೆ ತೆಗೆದದ್ದು ಕಳ್ಳತನ ಅಲ್ವಾ? ಸಂಬಂಧ ತಪ್ಪಿಸ್ಲಿಕ್ಕೆ ಬೇಕಂತಲೇ ಮಾಡಿದ್ದು ನೀನು. ಇವತ್ತೇ ಕೋಣೆ ಬಿಡು. ನಿನ್ನ ಅಪ್ಪನಿಗೆ ನಾನು ಬರೀತೇನೆ, ಮಗ ಇಲ್ಲಿ ಎಂತ ಮಾಡಿದ ಅಂತ."

ಪಾಂಡುರಂಗ ಎದ್ದು, ಎಲೆ ಮಡಚಿ, ಕೈ ತೊಳೆದು ಹೋದ. ಸಂಜೆಗೆ ತಾರಸಿಯ ಕೋಣೆ ಖಾಲಿಯಾಗಿತ್ತು.

ಹೇಳು, ಈಗಲಾದರೂ ಹೇಳು... ಗಿರಿಜಾ ಇಡೀ ದಿನ ತನ್ನನ್ನು ತಾನೇ ತಿವಿದುಕೊಂಡಳು. ಆದರೆ ಭಯಕ್ಕೆ ಅಪ್ಪನ ಕಣ್ಣು ತಪ್ಪಿಸಿ ಅಡುಗೆಮನೆಯಲ್ಲೇ ಉಳಿದಳು. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿತ್ತು. ಅವನು ಯಾಕೆ ಸುಳ್ಳು ಹೇಳಿದ?

ಎರಡು ದಿನ ಬಿಟ್ಟು ಮಧ್ಯಾಹ್ನ ಅವನು ಸ್ಟುಡಿಯೋಗೆ ಬಂದ. ರಜನಿಭಾಯಿ ಒಳಗೆ ಕತ್ತಲೆಕೋಣೆಯಲ್ಲಿದ್ದ. ಗಿರಿಜಾಳ ಕೈಯ ಪೆನ್ಸಿಲು ಯಾರದೋ ಹಣೆಯ ಮೇಲೆ ನಿಂತಿತು.

"ಆರು ತಿಂಗಳು ವಡೋದರಾಕ್ಕ ಹೊಂಟೇನಿ. ನಾನ ಕೇಳಿ ವರ್ಗ ಮಾಡಿಸಿಕೊಂಡೆ," ಎಂದ. "ಹೋಗೋಕಿಂತ ಮೊದಲು ಒಂದು ಕೇಳಬೇಕಿತ್ತು. ನಾ ಕ್ಯಾಮರಾ ಹಿಡಿದು ನಿಂತಾಗ, ಅದರಾಗ ಆಗಲೇ ಒಂದು ಚಿತ್ರ ಅದ ಅಂತ ನಿಮಗ ಗೊತ್ತಿತ್ತು. ಒಂದು ಮಾತು ಹೇಳಬಹುದಿತ್ತಲ್ಲ?"

"ನೀವು ಗದ್ದ ಎತ್ತಿ ಅಂದ್ರಿ."

"ಏನು?"

"ಹುಡುಗನ ಮನೆಯವರಿಗೆ ಕಣ್ಣು ಕಾಣಬೇಕು ಅಂದ್ರಿ."

"ಅದು ನಾ ಕೇಳಿದ್ದಕ್ಕ ಉತ್ತರ ಅಲ್ಲರಿ."

ಅದೇ ಉತ್ತರವಾಗಿತ್ತು. ಅದಕ್ಕಿಂತ ಬಿಡಿಸಿ ಹೇಳಲು ಅವಳಿಗೆ ಬರಲಿಲ್ಲ, ಅಷ್ಟರಿಂದ ತಿಳಿದುಕೊಳ್ಳಲು ಅವನಿಗೂ ಬರಲಿಲ್ಲ. ಇಬ್ಬರೂ ಬುದ್ಧಿವಂತರೆಂದೇ ಹೆಸರಾದವರು!

"ನೀವು ಯಾಕೆ ಸುಳ್ಳು ಹೇಳಿದ್ರಿ?" ಎಂದು ಅವಳು ಕೇಳಿದಳು.

"ನೀವು ಮಾತಾಡ್ತೀರಿ ಅಂತ ಕಾದೆ. ನೀವು ಆಡಲಿಲ್ಲ. ಯಾರಾದ್ರೂ ಒಬ್ಬರು ಆಡಬೇಕಿತ್ತಲ್ಲ." ಅವನು ಬಾಗಿಲ ಕಡೆ ತಿರುಗಿದ. "ನಿಮಗ ನಿಮ್ಮ ಚಿತ್ರ ದೊಡ್ಡದಿತ್ತು. ಇರಲಿ. ಚಿತ್ರ ಮಾತ್ರ ಭಾಳ ಚಲೋ ಬಂದಿತ್ತರಿ. ನಾ ಇಲ್ಲದಾಗನ ಚಲೋ ಬಂತು."

ಅವನು ಹೋದ. ಗಿರಿಜಾ ಪೆನ್ಸಿಲು ಕೆಳಗಿಟ್ಟಳು. ಅವನ ಮನಸ್ಸಿನಲ್ಲಿ ತಾನು ಎಂಥವಳಾಗಿ ಉಳಿದೆನೆಂದು ಈಗ ಅವಳಿಗೆ ತಿಳಿಯಿತು. ಒಂದು ಫೋಟೋಕ್ಕಾಗಿ ಅವನನ್ನು ನಾಲ್ಕು ಜನರ ನಡುವೆ ನಿಲ್ಲಿಸಿ ನೋಡಿದವಳು. ಧಾರವಾಡದಲ್ಲಿ ಅವನ ಅಪ್ಪನ ಕಣ್ಣಿನಲ್ಲಿ ಅವನು ಇನ್ನು ಕಳ್ಳ. ಅವಳಿಗೆ ಅಳು ಬಂತು. ಕಣ್ಣೊರೆಸಿಕೊಂಡು, ರಜನಿಭಾಯಿಗೂ ಹೇಳದೆ ಎದ್ದು ಮನೆಗೆ ನಡೆದಳು.

ಮಧ್ಯಾಹ್ನ ಮೂರರ ಹೊತ್ತು, ಹೋಟೆಲಿನಲ್ಲಿ ಜನ ಇರಲಿಲ್ಲ. ಭಟ್ಟರು ಗಲ್ಲಾದ ಹಿಂದೆ ವಿಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು. ಕಾಮಾಕ್ಷಮ್ಮ ಅಕ್ಕಿ ಆರಿಸುತ್ತಿದ್ದರು.

"ಅಪ್ಪಯ್ಯ, ಧಾರವಾಡಕ್ಕೆ ಕಾಗದ ಹಾಕಿದ್ರಾ?"

"ನಿನ್ನೆಯೇ ಹಾಕಿದೆ. ಯಾಕೆ?"

"ಹಿಂದಿನ ಸಂಜೆ ಆ ಚಿತ್ರ ತೆಗೆದದ್ದು ನಾನು. ಅವರು ಅಲ್ಲ. ನಿಮ್ಮ ಆಣೆ ಮೀರಿ ತೆಗೆದೆ. ಗೊತ್ತಾಗಬಾರದು ಅಂತ ರೀಲು ತಿರುಗಿಸದೆ ಬಿಟ್ಟೆ. ಅವರು ಫೋಟೋ ತೆಗೆಯುವಾಗ ಗೊತ್ತಿದ್ದೇ ಸುಮ್ಮನಿದ್ದೆ."

ಭಟ್ಟರ ಬೆರಳು ಎಲೆಯ ಮೇಲೆ ನಿಂತಿತು.

"ಸುಮ್ಮನಿದ್ದದ್ದು ಯಾಕೆ?"

"ಆ ಫೋಟೋ ಸೂರತ್ತಿಗೆ ಹೋಗುದು ನನಗೆ ಬೇಡ ಇತ್ತು. ಅವರೇ ತೆಗೆದು ಕಳಿಸುದು ಇನ್ನೂ ಬೇಡ ಇತ್ತು."

ಹೇಳಿ ಮುಗಿಸಿದ ಮೇಲೆ ಅವಳು ಬೈಗುಳಕ್ಕೆ ಕಾದಳು. ಭಟ್ಟರು ಬೈಯಲಿಲ್ಲ.

"ನನ್ನ ಎಲೆಯಲ್ಲಿ ಉಂಡ ಹುಡುಗ ಅವನು," ಎಂದರು ತಗ್ಗಿದ ದನಿಯಲ್ಲಿ. "ಗಿರಾಕಿಗಳ ಎದುರು ಅವನನ್ನು ಕಳ್ಳ ಅಂದೆ ನಾನು. ನೀನು ಒಳಗೆ ನಿಂತು ಕೇಳಿಕೊಂಡಿದ್ದೆ."

ಆ ಮಾತಾದ ಮೇಲೆ ಅವರು ಮಗಳೊಂದಿಗೆ ಮಾತು ಬಿಟ್ಟರು. ಸೂರತ್ತಿಗೆ ಮಾತ್ರ, ಸದ್ಯ ಹುಡುಗಿಯ ಮದುವೆ ಮಾಡುವುದಿಲ್ಲ ಎಂದು ಎರಡು ಸಾಲು ಬರೆದು ಹಾಕಿದರು. ದಿನಗಳು ಕಳೆದವು. ಅಪ್ಪ ಮಗಳ ಕೈಯ ಕಾಫಿ ಮುಟ್ಟುತ್ತಿರಲಿಲ್ಲ. ಗಿರಿಜಾ ವಡೋದರಾಕ್ಕೆ ಮೂರು ಸಲ ಕಾಗದ ಬರೆಯಲು ಕುಳಿತು ಮೂರು ಸಲವೂ ಹರಿದಳು. ಕ್ಷಮಿಸಿ ಎಂದು ಬರೆದರೆ ಸಾಲದು. ಅದಕ್ಕಿಂತ ಹೆಚ್ಚಿನದನ್ನು ಬರೆಯಲು ತನಗೆ ಯಾವ ಹಕ್ಕಿದೆ?

"ಅವನ ಮುಖ ನೋಡಿದ್ರೆ ನನಗೆ ಮೊದಲೇ ಗೊತ್ತಾಗಿತ್ತು," ಎಂದು ಒಂದು ರಾತ್ರಿ ಕಾಮಾಕ್ಷಮ್ಮ ಕತ್ತಲಲ್ಲಿ ಮಲಗಿದಲ್ಲಿಂದಲೇ ಹೇಳಿದರು. "ನಿನ್ನ ಮುಖ ನೋಡಿಯೂ ಗೊತ್ತಾಗಿತ್ತು. ನಾನೂ ಬಾಯಿ ಬಿಡಲಿಲ್ಲ. ಮಲಗು."

ಹನ್ನೊಂದನೆಯ ದಿನ ಧಾರವಾಡದಿಂದ ಉತ್ತರ ಬಂತು. ಪಾಂಡುರಂಗನ ತಂದೆ ಶಾಲೆಯ ಹೆಡ್‌ಮಾಸ್ತರರು. ಮುತ್ತಿನಂಥ ಅಕ್ಷರ. ಭಟ್ಟರು ಕನ್ನಡಕ ಏರಿಸಿ, ಹೆಂಡತಿಗೆ ಓದಿ ಹೇಳುವ ನೆಪದಲ್ಲಿ, ಮಗಳಿಗೆ ಕೇಳುವಷ್ಟು ಗಟ್ಟಿಯಾಗಿ ಓದಿದರು.

"ಮಹನೀಯರೇ, ತಮ್ಮ ಪತ್ರ ತಲುಪಿತು. ನನ್ನ ಮಗನು ತಪ್ಪನ್ನು ತಾನಾಗಿ ಒಪ್ಪಿಕೊಂಡನೆಂದು ಬರೆದಿದ್ದೀರಿ. ಇಪ್ಪತ್ತಾರು ವರ್ಷ ಅವನನ್ನು ಬಲ್ಲೆ. ನಾನು ಬೆತ್ತ ಹಿಡಿದು ನಿಂತಾಗಲೂ ಅವನು ಯಾವ ತಪ್ಪನ್ನೂ ಒಪ್ಪಿಕೊಂಡವನಲ್ಲ. ವಾದ ಮಾಡಿ ನನ್ನನ್ನೇ ಸೋಲಿಸುತ್ತಿದ್ದನು. ಅಂಥವನು ಒಂದೇ ಮಾತಿಗೆ ಒಪ್ಪಿಕೊಂಡನೆಂದರೆ ಆ ತಪ್ಪು ಅವನದಲ್ಲ, ಅವನಿಗೆ ಬೇಕಾದ ಯಾರದೋ ಆಗಿರಬೇಕು. ದಯವಿಟ್ಟು ತಮ್ಮ ಮಗಳನ್ನು ಕೇಳಿ ನೋಡಿರಿ. ನಾವೂ ಉಡುಪಿಯ ಕೃಷ್ಣನಿಗೆ ನಡೆದುಕೊಳ್ಳುವವರು. ಮುಂದಿನದನ್ನು ಬರೆಯಲು ಸಂಕೋಚಪಡಬೇಕಾಗಿಲ್ಲ."

ಭಟ್ಟರು ಕಾಗದ ಮಡಚಿದರು. ಕನ್ನಡಕ ತೆಗೆದು ಒರೆಸಿದರು.

"ಬೆಳಿಗ್ಗೆ ವಡೋದರಾಕ್ಕೆ ರೈಲು ಎಷ್ಟು ಗಂಟೆಗೆ?" ಎಂದು ಕೊನೆಗೆ ಗೋಡೆಯನ್ನು ಕೇಳಿದರು.

"ಆರೂವರೆಗೆ ಅಪ್ಪಯ್ಯ," ಎಂದಳು ಗಿರಿಜಾ. ಹನ್ನೊಂದು ದಿನಗಳಲ್ಲಿ ಅದು ಮೊದಲ ಮಾತು.

ಸಂಶೋಧನಾಲಯದಲ್ಲಿ ಮೊದಲೇ ಕೇಳಿಕೊಂಡಿದ್ದ ವಿಳಾಸ ಹಿಡಿದು, ಅಪ್ಪ ಮಗಳು ವಡೋದರಾ ಸ್ಟೇಷನ್ನಿನಿಂದ ಅಲ್ಕಾಪುರಿ ಬಡಾವಣೆಗೆ ನಡೆದೇ ಹೋದರು. ಬಂಗಲೆಯೊಂದರ ಹಿಂಭಾಗ, ಹೊರಗಿನ ಮೆಟ್ಟಿಲು ಹತ್ತಿದರೆ ಅವನ ಕೋಣೆ. ಭಾನುವಾರ, ಹತ್ತು ಗಂಟೆಯ ಬಿಸಿಲು. ಭಟ್ಟರು ಗೇಟಿನ ಹತ್ತಿರ ನಿಂತುಬಿಟ್ಟರು. ಕೈಯಲ್ಲಿ ಕಾಮಾಕ್ಷಮ್ಮ ಕೊಟ್ಟ ಬುತ್ತಿ.

"ನೀನು ಮೊದಲು ಹೋಗು. ನಾನು ಸ್ವಲ್ಪ ಹೊತ್ತು ಬಿಟ್ಟು ಬರ್ತೇನೆ. ನನಗೂ ಮಾತು ಕೂಡಿಸಿಕೊಳ್ಳಬೇಕು," ಎಂದರು.

ಹನ್ನೆರಡೋ ಹದಿಮೂರೋ ಮೆಟ್ಟಿಲು. ಗಿರಿಜಾಳಿಗೆ ಅವು ಮುಗಿಯದಂತೆ ಕಂಡವು. ಬಾಗಿಲು ಮುಚ್ಚಿಬಿಟ್ಟರೆ? ಅವನು ಕೇಳಲಿಕ್ಕೇ ಒಪ್ಪದಿದ್ದರೆ?

ಬಾಗಿಲು ತೆರೆದೇ ಇತ್ತು. ಪಾಂಡುರಂಗ ಅಂಗಿಗೆ ಗುಂಡಿ ಹೊಲಿಯುತ್ತಿದ್ದ. ಅವಳನ್ನು ನೋಡಿ ಎದ್ದು ನಿಂತ. ಕೂಡ್ರಿ ಎನ್ನಲಿಲ್ಲ.

"ಒಬ್ಬರ ಬಂದೀರೇನು?"

"ಅಪ್ಪಯ್ಯ ಕೆಳಗಿದ್ದಾರೆ. ನಾನು ಎಲ್ಲ ಹೇಳಿದೆ ಅವರಿಗೆ. ನೀವು ಸ್ಟುಡಿಯೋಗೆ ಬಂದುಹೋದ ದಿನವೇ ಹೇಳಿದೆ." ಅವಳು ಉಸಿರು ತೆಗೆದುಕೊಂಡಳು. "ಅವತ್ತು ನೀವು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಈಗ ಕೊಡ್ತೇನೆ. ನನಗೆ ಚಿತ್ರ ದೊಡ್ಡದಿರಲಿಲ್ಲ. ನಿಮ್ಮ ಕೈಯಾರೆ ನನ್ನನ್ನು ಬೇರೆಯವರ ಮನೆಗೆ ಕಳಿಸ್ತಾ ಇದ್ದೀರಿ ಅಂತ ಸಿಟ್ಟು ಬಂತು. ಹಾಳಾಗಲಿ ಅಂತ ಸುಮ್ಮನಿದ್ದೆ. ಹಾಳಾಗುದು ನಿಮ್ಮ ಹೆಸರು ಅಂತ ಗೊತ್ತಾದಾಗ ಹೆದರಿದೆ. ನೀವು ನನ್ನನ್ನು ಕ್ಷಮಿಸದಿದ್ರೂ ಸರಿ. ನಿಮ್ಮನ್ನು ಬಿಟ್ಟು ಬೇರೆ ಯಾರ ಮನೆಗೂ ನಾನು ಹೋಗುದಿಲ್ಲ. ಇಷ್ಟೇ."

ಪಾಂಡುರಂಗ ಸೂಜಿಯನ್ನು ಅಂಗಿಗೆ ಚುಚ್ಚಿಟ್ಟ.

"ಭಟ್ಟರು ಬಂದು ಎಲಿ ಮುಂದ ನಿಂತು ಕೇಳಿದಾಗ, ನನ್ನ ಬಾಯಾಗ ತುತ್ತಿತ್ತರಿ," ಎಂದ. "ಅವರ ಅನ್ನ ತಿಂತಾ, ನಿಮ್ಮ ಮಗಳನ್ನ ನನಗ ಕೊಡ್ರಿ ಅಂತ ಹೆಂಗ ಅನ್ನಲಿ? ಅದು ಗಂಟಲಾಗ ನಿಂತಿದ್ದು ಇನ್ನೂ ಇಳಿದಿಲ್ಲ."

ಗಿರಿಜಾಳ ಕಣ್ಣಲ್ಲಿ ನೀರು ತುಂಬಿತು. ಈ ಸಲ ಅವಳು ಗದ್ದ ಎತ್ತಲಿಲ್ಲ. ಅವನೇ ಹತ್ತಿರ ಬಂದು ನಿಂತ.

"ನಿಮ್ಮ ತಂದೆಯವರು ಉತ್ತರ ಬರೆದಿದ್ದಾರೆ," ಎಂದಳು ಅವಳು, ನಗು ಅಳು ಎರಡೂ ಸೇರಿ. "ನೀವು ಹುಟ್ಟಿದ ಮೇಲೆ ಒಂದು ತಪ್ಪೂ ಒಪ್ಪಿಕೊಂಡವರಲ್ಲವಂತೆ. ನಿಮ್ಮದನ್ನೇ ಒಪ್ಪದವರು ನನ್ನದನ್ನು ಹೇಗೆ ಒಪ್ಪಿಕೊಂಡ್ರಿ?"

ಅವನು ಅಂಗಿ ಕೆಳಗಿಟ್ಟ.

"ಆ ಹೊತ್ತಿಗೆ ಅದು ನಿಮ್ಮದು ಅಂತ ಅನ್ನಿಸಲೇ ಇಲ್ಲರಿ. ನಮ್ಮದು ಅನ್ನಿಸ್ತು."

ಕೆಳಗಿನ ಮೆಟ್ಟಿಲಲ್ಲಿ ಭಟ್ಟರು ಬೇಕೆಂದೇ ಗಟ್ಟಿಯಾಗಿ ಕೆಮ್ಮಿದರು. ಗಿರಿಜಾ ಸೆರಗಿನಿಂದ ಮುಖ ಒರೆಸಿಕೊಂಡು ಅವನ ಪಕ್ಕಕ್ಕೆ ಬಂದು ನಿಂತಳು.

"ಹಾಗಾದ್ರೆ ಅಪ್ಪಯ್ಯನ ಅರ್ಧ ಬೈಗುಳ ನಿಮಗೂ ಉಂಟು," ಎಂದಳು.

"ಪೂರ್ತಿ ಕೊಡ್ರಿ," ಎಂದ ಪಾಂಡುರಂಗ, "ಅರ್ಧ ಯಾಕ?"